ಸ್ಟಾನ್ ಓಕರ್ಸ್: ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಬೆಲ್ಜಿಯಂ ಸೈಕ್ಲಿಂಗ್ ಅಂದ್ರೆ ಎಲ್ಲರ ಬಾಯಲ್ಲೂ ಎಡ್ಡಿ ಮೆರ್ಕ್ಸ್. ಆ ಮೆರ್ಕ್ಸ್ ಚಿಕ್ಕ ಹುಡುಗನಾಗಿದ್ದಾಗ ಆರಾಧಿಸ್ತಿದ್ದದ್ದು ಆಂಟ್‌ವರ್ಪ್ ಕಡೆಯ ಸ್ಟಾನ್ ಓಕರ್ಸ್‌ನನ್ನು. ಓಕರ್ಸ್ ಕಥೆಯನ್ನು ಮಾತ್ರ ಹೇಳುವವರು ಎರಡೇ ಮಾತಲ್ಲಿ ಮುಗಿಸಿಬಿಡ್ತಾರೆ: ಟೂರ್ ಡಿ ಫ್ರಾನ್ಸ್‌ನಲ್ಲಿ ಎರಡು ಸಲ ಎರಡನೆಯವನು, 36ನೇ ವಯಸ್ಸಿಗೆ ದಾರುಣ ಸಾವು. ಪಾಡ್‌ಕಾಸ್ಟ್‌ನಲ್ಲಿ ಇದರ ಬಗ್ಗೆ ಜಗಳ ತೆಗೆಯೋಕೆ ಸಮಯ ಸಾಲಲಿಲ್ಲ, ಇಲ್ಲಿ ತೆಗೀತೀನಿ.

ಎರಡೂ ಎರಡನೇ ಸ್ಥಾನಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 1950ರಲ್ಲಿ ಸ್ವಿಟ್ಜರ್‌ಲೆಂಡಿನ ಫರ್ಡಿ ಕ್ಯೂಬ್ಲರ್‌ಗಿಂತ ಒಂಬತ್ತೂವರೆ ನಿಮಿಷ ಹಿಂದೆ. ಅದು ಸೋಲು, ಸರಿ. 1952ರಲ್ಲಿ ಇಟಲಿಯ ಫೌಸ್ಟೊ ಕೊಪ್ಪಿಗಿಂತ 28 ನಿಮಿಷ 17 ಸೆಕೆಂಡ್ ಹಿಂದೆ! ಆದರೆ ಆ ವರ್ಷ ಕೊಪ್ಪಿ ಯಾರ ಕೈಗೂ ಸಿಗದಷ್ಟು ಮುಂದೆ ಹೋಗಿದ್ದ. ಉಳಿದವರಲ್ಲಿ ಹುಮ್ಮಸ್ಸು ಉಳಿಯಲಿ ಅಂತ ಸಂಘಟಕರು ಎರಡನೇ ಸ್ಥಾನದ ಬಹುಮಾನವನ್ನೇ ದುಪ್ಪಟ್ಟು ಮಾಡಿದರು. ಅಂದರೆ ಆಮೇಲೆ ಪೈಪೋಟಿ ನಡೆದದ್ದೇ ಆ ಸ್ಥಾನಕ್ಕೆ. ಅದನ್ನು ಗೆದ್ದವನು ಓಕರ್ಸ್.

ಕೊಪ್ಪಿಯ ಹಾಗೆ ದೊಡ್ಡ ಬೆಟ್ಟಗಳಲ್ಲಿ ಎಲ್ಲರನ್ನೂ ಬಿಟ್ಟು ಹಾರಿಹೋಗುವ ಶಕ್ತಿ ಅವನಿಗಿರಲಿಲ್ಲ, ಒಪ್ಪೋಣ. ಅವನ ಬಲ ಬೇರೆ. 1955 ಮತ್ತು 1956ರಲ್ಲಿ ಟೂರ್‌ನ ಹಸಿರು ಜೆರ್ಸಿ ಅವನದ್ದು. ಆಗ ಲೆಕ್ಕ ಈಗಿನ ಹಾಗಿರಲಿಲ್ಲ: ಪ್ರತಿದಿನ ಎಷ್ಟನೆಯವನಾಗಿ ಬಂದನೋ ಅದಕ್ಕೆ ತಕ್ಕ ಅಂಕ, ಕೊನೆಗೆ ಅಂಕ ಕಡಿಮೆ ಇದ್ದವನು ಗೆದ್ದ. ಒಂದು ದಿನ ಮಿಂಚಿ ಮರುದಿನ ಮಲಗಿದರೆ ಕೆಟ್ಟ. ದಿನಾ ಹೊಲಕ್ಕೆ ಹೋಗುವ ರೈತನಂಥವನಿಗೇ ಸಿಗುವ ಜೆರ್ಸಿ ಅದು.

ಇನ್ನು 1955. ಓಕರ್ಸ್‌ಗೆ ಆಗ 35. ಹುಟ್ಟಿದ್ದು 1920ರಲ್ಲಿ, ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿದಾಗ ಇಪ್ಪತ್ತರ ಹುಡುಗ. 1940ರಿಂದ 1946ರವರೆಗೆ ಟೂರ್ ನಡೆಯಲೇ ಇಲ್ಲ. ಅಷ್ಟು ವರ್ಷ ಕಳಕೊಂಡವನು, ಬೇರೆಯವರು ನಿವೃತ್ತಿ ಯೋಚಿಸೋ ವಯಸ್ಸಲ್ಲಿ, ಫ್ಲೆಶ್ ವಾಲೋನ್ ಗೆದ್ದ, ಲಿಯೇಜ್–ಬಾಸ್ಟೋನ್–ಲಿಯೇಜ್ ಗೆದ್ದ, ಇಟಲಿಯ ಫ್ರಾಸ್ಕಾಟಿಯಲ್ಲಿ ವಿಶ್ವ ಚಾಂಪಿಯನ್ ಆದ. ಇದನ್ನು "ಯಾವಾಗಲೂ ಎರಡನೆಯವನು" ಅಂತ ಕರೆಯೋದು ಹೇಗೆ?

1956ರ ಸೆಪ್ಟೆಂಬರ್ 29ರಂದು ಆಂಟ್‌ವರ್ಪ್‌ನ ಒಳಾಂಗಣ ಟ್ರ್ಯಾಕ್‌ನಲ್ಲಿ ಬಿದ್ದ. ಅಕ್ಟೋಬರ್ 1ಕ್ಕೆ ತೀರಿಕೊಂಡ. ಅವನ ಬಗ್ಗೆ ಬರೆಯುವವರು ಬಹಳ ಮಂದಿ ಇಲ್ಲಿಂದಲೇ ಶುರು ಮಾಡ್ತಾರೆ. ಮರುವರ್ಷ ಸ್ಮಾರಕ ಕಟ್ಟಿದವರು ಮಾತ್ರ ಅದನ್ನು ಆ ಟ್ರ್ಯಾಕ್ ಹತ್ತಿರ ನಿಲ್ಲಿಸಲಿಲ್ಲ. ಅದು ಇರೋದು ಗೊಮ್ಜೆ-ಆಂಡುಮೋಂ ಎಂಬಲ್ಲಿ, ಲಿಯೇಜ್ ರೇಸ್ ಹಾದುಹೋಗುತ್ತಿದ್ದ ಏರಿನ ಮೇಲೆ.