ಕೇರಿ ಇಲ್ಲದ ನಕ್ಷೆ

ದಲಿತ ವಿಮರ್ಶೆ ಎಂದರೆ ಕತೆ, ಕವಿತೆ, ಕಾದಂಬರಿಗಳ ವಿಮರ್ಶೆ ಎಂದೇ ನಾವು ತಿಳಿದು ಕೂತಿದ್ದೇವೆ. ನಗರ ಯೋಜನೆಯ ನಕ್ಷೆಯೂ ಒಂದು ಪಠ್ಯ. ಅದನ್ನೂ ಓದಬೇಕು ಎಂಬುದು ನನ್ನ ಮಾತು.

ಸಂಶೋಧನೆ ಒಂದೆಡೆ ಗುಂಪುಗೂಡಿದರೆ ಬೆಳೆಯುತ್ತದೆ ಎನ್ನುತ್ತಾರೆ ಯೋಜಕರು. ಸುಳ್ಳೇನಲ್ಲ. ಕನ್ನಂಬಾಡಿ ನೀರು ನಾಲೆಗೆ ಇಳಿದ ಕಾಲದಲ್ಲಿ, 1931ರಲ್ಲಿ, ಮಂಡ್ಯದ ಮಗ್ಗುಲಲ್ಲಿ ವಿ.ಸಿ. ಫಾರಂ ಶುರುವಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನೀರು, ಕಬ್ಬು, ಕಾರ್ಖಾನೆ, ಪ್ರಯೋಗದ ಗದ್ದೆ ಎಲ್ಲವೂ ಹತ್ತಿರ ಹತ್ತಿರ. ಒಬ್ಬರ ತಿಳಿವಳಿಕೆ ಇನ್ನೊಬ್ಬರ ಕೈಗೆ ಬೇಗ ಸಿಕ್ಕಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು.

ಆದರೆ ಗುಂಪು ಯಾರನ್ನು ಹೊರಗಿಟ್ಟು ಕೂಡುತ್ತದೆ? ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ನಾಲೆಯ ನೀರೂ ಹಂಗೇ: ಮದ್ದೂರು, ಮಳವಳ್ಳಿಯ ಕೊನೆಭಾಗದ ಗದ್ದೆಗಳು ಕಾಯುತ್ತಲೇ ಇರುತ್ತವೆ. ಆ ಕೊನೆಗೂ ಕೊನೆಯಲ್ಲಿ ಕೇರಿ. ಅಲ್ಲಿ ಗದ್ದೆಯೇ ಇಲ್ಲದವರು ನೀರಿಗಲ್ಲ, ಕೂಲಿಗೆ ಕಾಯಬೇಕು.

ನೋಡಿದರೆ ಈ ನಕ್ಷೆ ಹೊಸದಲ್ಲ. ವಿದ್ಯೆ, ಗುಡಿ, ಬಾವಿ ಒಂದೆಡೆ, ಕೇರಿ ಊರಾಚೆ. ನಮ್ಮ ಹಳ್ಳಿಯೇ ಜ್ಞಾನವನ್ನು ಗುಂಪುಗೂಡಿಸಿದ ಹಳೇ ಯೋಜನೆ.

ನಮ್ಮವ್ವ ಮಳವಳ್ಳಿ ಸೀಮೆಯ ಗದ್ದೆಗಳಲ್ಲಿ ನಾಟಿ ಹಾಕುತ್ತಿದ್ದಳು. ಪೈರಿನ ಬುಡ ನೋಡಿ, "ಇದು ಬೆರಕೆ ಕಣೋ, ಕಿತ್ತಾಕು" ಅನ್ನೋಳು. ತಳಿ ಶುದ್ಧವಾಗಿಡಲು ವಿಜ್ಞಾನಿ ಮಾಡಿಸುವುದೂ ಇದೇ ಕೆಲಸ. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಎಂದು ಬಲ್ಲ ನೀರಗಂಟಿ ಬಹುಪಾಲು ನಮ್ಮವನೇ. ಇಬ್ಬರ ಅರಿವೂ ಕೂಲಿಯ ಲೆಕ್ಕಕ್ಕೆ ಸೇರಿತು, ಸಂಶೋಧನೆಯ ಲೆಕ್ಕಕ್ಕೆ ಸೇರಲಿಲ್ಲ. ಕಾಂಪೌಂಡಿನ ಹೊರಗೂ ಸಂಶೋಧನೆ ನಡೆಯುತ್ತದೆ ಎನ್ನಲು ಅದೇ ತಾಲ್ಲೂಕಿನ ಕಿರುಗಾವಲಿಗೆ ಹೋಗಿ: ಸೈಯದ್ ಗನಿ ಖಾನ್ ನೂರಾರು ಭತ್ತದ ತಳಿಗಳನ್ನು ತಮ್ಮ ಹೊಲದಲ್ಲೇ ಉಳಿಸಿದ್ದಾರೆ.

ಹಾಗಂತ ಕೇರಿಯ ಅರಿವನ್ನು ಹಾಡಿ ಹೊಗಳಿ ಅಲ್ಲೇ ಕೂರಿಸುವುದೂ ಮೋಸವೇ. 1948ರ ಸಂವಿಧಾನ ಸಭೆಯಲ್ಲಿ ಹಳ್ಳಿಯ ವೈಭವೀಕರಣವನ್ನು ಅಂಬೇಡ್ಕರ್ ಒಪ್ಪಲಿಲ್ಲ. ಅವರೇ ನ್ಯೂಯಾರ್ಕ್, ಲಂಡನ್ನಿನ ದೊಡ್ಡ ವಿದ್ಯಾಕೇಂದ್ರಗಳಲ್ಲಿ ಕಲಿತವರು. ವಿದ್ಯೆ ಕೂಡಿದ ನಗರ ನಮಗೂ ಬಿಡುಗಡೆಯ ದಾರಿ. ಅದಕ್ಕೇ ನನ್ನ ತಕರಾರು ಗುಂಪಿನ ಮೇಲಲ್ಲ, ಅದರ ಬಾಗಿಲ ಮೇಲೆ.

ನಾಳೆ ಮಂಡ್ಯ, ಮದ್ದೂರುಗಳ ಹೆದ್ದಾರಿ ಬದಿಗೆ ಯಾವ ಸಂಶೋಧನಾ ಕೇಂದ್ರ ಬಂದರೂ ಮೂರು ಪ್ರಶ್ನೆ ಕೇಳೋಣ: ಯಾರ ಜಮೀನು ಹೋಯಿತು? ಒಳಗೆ ಕಸ ಗುಡಿಸೋರು ಯಾರು? ಸೂಕ್ಷ್ಮದರ್ಶಕದ ಮುಂದೆ ಕೂತೋರು ಯಾರು? ಎರಡನೆಯದಕ್ಕೆ ಮಾತ್ರ ನಮ್ಮ ಹೆಸರು ಉತ್ತರವಾದರೆ, ನಕ್ಷೆ ಬರೆದವನು ಹಳೇ ಊರನ್ನೇ ಮತ್ತೆ ಬರೆದಿದ್ದಾನೆ.