ತೇರು ಓಡಿತು, ಗುಟ್ಟು ಬಯಲಾಯಿತು

'ಕಾಂತಾರ'ದ ಕಾಲಗಣನೆ ನೆನಪಿದೆಯಲ್ಲ? 1847ರಲ್ಲಿ ಅರಸ ದೈವಕ್ಕೆ ಬದಲಾಗಿ ಕಾಡಿನವರಿಗೆ ಭೂಮಿ ಬಿಟ್ಟುಕೊಟ್ಟ. 1970ರಲ್ಲಿ ಅವನ ವಂಶದವನು ಅದನ್ನು ವಾಪಸ್ ಕೇಳಿದ. ಕೋಲ ಕಟ್ಟಿದ್ದಾತ ಕಾಡಿಗೆ ಓಡಿ ಮಾಯವಾದ. ಎಲ್ಲಿಗೆ ಹೋದ ಅನ್ನುವುದನ್ನು ಚಿತ್ರ ಹೇಳಲೇ ಇಲ್ಲ. 2022ರಲ್ಲಿ ಜನ ಎರಡನೇ ಸಲ, ಮೂರನೇ ಸಲ ಟಿಕೆಟ್ ತೆಗೆದದ್ದರಲ್ಲಿ ಆ ಹೇಳದೆ ಬಿಟ್ಟಿದ್ದರ ಪಾಲೂ ಇದೆ.

ಪೂರ್ವಕಥೆ ಮಾಡುತ್ತೇವೆಂದು ನಿರ್ದೇಶಕ ರಿಷಬ್ ಶೆಟ್ಟಿ, ನಿರ್ಮಾಪಕರಾದ ಹೊಂಬಾಳೆಯವರು ಹೊರಟಾಗ ನನಗಿದ್ದ ಅಳುಕು ಇದೇ: ಮಾಯವಾದವನ ವಿಳಾಸ ಕೊಟ್ಟುಬಿಟ್ಟರೆ ಮಿಕ್ಕುವುದೇನು? ಅವರು 1847ರಲ್ಲಿ ನಿಲ್ಲದೆ ಕದಂಬರ ಕಾಲಕ್ಕೇ ಜಿಗಿದರು. (ಕದಂಬರೆಂದರೆ ಬನವಾಸಿಯೊಂದೇ ಅಲ್ಲ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವೂ ಕದಂಬ ಕಾಕುತ್ಸ್ಥನ ಕಾಲದ್ದೇ. ಕಾಳಗದಲ್ಲಿ ಗೆದ್ದ ವೀರನಿಗೆ ಊರು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಸಿನಿಮಾ ಮಾಡುವವರಿಗೆ ಅಷ್ಟು ಸಾಲದೆ?)

2025ರ ಅಕ್ಟೋಬರ್ 2, ಗಾಂಧಿ ಜಯಂತಿಯೂ ವಿಜಯದಶಮಿಯೂ ಕೂಡಿಬಂದ ದಿನ 'ಕಾಂತಾರ ಅಧ್ಯಾಯ 1' ತೆರೆಕಂಡಿತು. ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ್ದ ಸರ್ಕಾರಿ ಆದೇಶಕ್ಕೆ ಹೈಕೋರ್ಟ್ ಕೆಲವೇ ದಿನ ಮುಂಚೆ ತಡೆ ಕೊಟ್ಟಿತ್ತು. ಜೇಬು ನೋಡಿಕೊಂಡವರೂ ಹೋಗದೆ ಉಳಿಯಲಿಲ್ಲ.

ಚಿತ್ರದ ಜೀವ ಇರುವುದು ಕಥೆಯ ಬಾಂಗ್ರ ರಾಜ್ಯದ ಬೀದಿಯಲ್ಲಿ ತೇರು ಹತೋಟಿ ತಪ್ಪುವ ಆ ಹತ್ತಾರು ನಿಮಿಷಗಳಲ್ಲಿ. ಹೊಳೆನರಸೀಪುರದ ನರಸಿಂಹಸ್ವಾಮಿ ತೇರು, ಬೇಲೂರಿನ ಕೇಶವನ ತೇರು ಎಳೆದು ಬಲ್ಲ ನಮ್ಮವರಿಗೆ ಅದರ ಭಯ ಬಿಡಿಸಿ ಹೇಳಬೇಕಾಗಿಲ್ಲ. ಹಗ್ಗ ಎಳೆಯುವವರು ನೂರು ಜನರಿದ್ದರೂ ತೇರಿನ ಪ್ರಾಣ ಚಕ್ರದಡಿಗೆ ಮರದ ದಿಮ್ಮಿ ಕೊಡುವ ನಾಲ್ಕೈದು ಮಂದಿಯ ಕೈಯಲ್ಲಿ. ಅದು ತಪ್ಪಿದರೆ ಏನಾದೀತು ಅನ್ನುವುದನ್ನು ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ತೋರಿಸಿದೆ. ಅಪ್ಪಟ ಸಾಹಸ, ಇಲ್ಲಿ ದೈವದ ಹಂಗೂ ಬೇಕಿಲ್ಲ. ಗುಟ್ಟು ಬಿಡಿಸಲು ಕೂತ ಕಡೆಯೆಲ್ಲ ಚಿತ್ರ ಭಾರವಾಗುತ್ತದೆ. ಮೊದಲ ಚಿತ್ರದ ಒಂದು ಕೂಗು ಮಾಡಿದ ಕೆಲಸಕ್ಕೆ ಇಲ್ಲಿ ಗ್ರಾಫಿಕ್ಸ್ ರಾಶಿ ಬೇಕಾಗಿದೆ. ರುಕ್ಮಿಣಿ ವಸಂತ್ ಪಾತ್ರದ ತಿರುವು ಮಾತ್ರ ಲಾಭ.

ಬಿಡುಗಡೆಯಾದ ಮೇಲೆ ಥಿಯೇಟರ್‌ಗಳಲ್ಲಿ ದೈವದ ವೇಷ ಹಾಕಿ ಕುಣಿದವರಿಗೆ ಚಿತ್ರತಂಡವೇ ಬೇಡವೆಂದು ಮನವಿ ಮಾಡಬೇಕಾಯಿತು. ಮೈಮೇಲೆ ದೇವರು ಬರುವುದನ್ನು ಊರಹಬ್ಬದಲ್ಲಿ ಕಣ್ಣಾರೆ ಕಂಡ ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರಿಗೆ ಆ ಮನವಿಯ ಅರ್ಥ ಬೇಗ ಆದೀತು.

ನಮ್ಮ ಜಿಲ್ಲೆಗೆ ಈ ಚಿತ್ರದೊಂದಿಗೆ ಇನ್ನೊಂದು ಲೆಕ್ಕ ಇದೆ. 2025ರ ಜನವರಿಯಲ್ಲಿ ಸಕಲೇಶಪುರ ತಾಲ್ಲೂಕು ಯಸಳೂರು ಕಡೆಯ ಗವಿಗುಡ್ಡ, ಹೇರೂರಿನಲ್ಲಿ ಶೂಟಿಂಗ್ ನಡೆದಾಗ ಕಾಡಿಗೆ ಹಾನಿಯಾಯಿತೆಂದು ಸ್ಥಳೀಯರು ದೂರಿದರು. ಅರಣ್ಯ ಸಚಿವರು ತನಿಖೆಗೆ ಹೇಳಿದರು. ಕಾಡು ಯಾರದ್ದು ಎಂದು ಕೇಳುವ ಕಥೆ ಕಾಡಿನ ಊರಿನವರಿಂದಲೇ ಆ ಪ್ರಶ್ನೆ ಕೇಳಿಸಿಕೊಂಡಿತು.

ಕೊನೆಯಲ್ಲಿ ಮತ್ತೊಂದು ಅಧ್ಯಾಯದ ಸುಳಿವು ಬಿಟ್ಟಿದ್ದಾರೆ. ಕದಂಬರಿಂದ 1847ರವರೆಗೆ ಸಾವಿರಕ್ಕೂ ಹೆಚ್ಚು ವರ್ಷ ಖಾಲಿ ಬಿದ್ದಿದೆ. ಹೊಂಬಾಳೆಯವರಿಗೆ ಅದು ಗೊತ್ತಿಲ್ಲದೆ ಇಲ್ಲ.