ಗ್ರಹೋಪಗ್ರಹಗಳ ಸ್ಥಳನಾಮಗಳೂ ಕನ್ನಡದ ಸಮಾಸಮರ್ಯಾದೆಯೂ

ಚಂದ್ರಯಾನ-3 ರ ವಿಕ್ರಮನೌಕೆಯು 2023 ನೆಯ ಆಗಸ್ಟ್ 23 ರಂದು ಇಳಿದ ಎಡೆಗೆ ಅಂತರರಾಷ್ಟ್ರೀಯ ಖಗೋಳ ಸಂಘವು 2024 ನೆಯ ಮಾರ್ಚ್ 19 ರಂದು ‘ಸ್ಟಾಟಿಯೊ ಶಿವ್ ಶಕ್ತಿ’ ಎಂಬ ಹೆಸರನ್ನು ಅಂಗೀಕರಿಸಿತು. ಕನ್ನಡದಲ್ಲಿಯೂ ಇದನ್ನು ಹೀಗೆಯೇ ಬರೆಯುವುದು ಯುಕ್ತವೇ ಎಂಬುದು ವಿಚಾರಾರ್ಹವಾಗಿದೆ. ‘ಶಿವ್’ ಎಂಬ ಹಲಂತರೂಪವು ಹಿಂದಿಯ ಉಚ್ಚಾರಣೆಯಿಂದ ಬಂದುದು. ಸಂಸ್ಕೃತದಲ್ಲಿ ದೇವತಾವಾಚಕವಾದ ಪ್ರಾತಿಪದಿಕವು ಅಕಾರಾಂತವಾದ ‘ಶಿವ’ ಎಂಬುದೇ. ಶಿವನೂ ಶಕ್ತಿಯೂ ದ್ವಂದ್ವವಾಗಿ ಸೇರಿದರೆ ‘ಶಿವಶಕ್ತಿ’ ಎಂಬ ಏಕಪದವಾಗತಕ್ಕದ್ದು. ರೋಮನ್ ಲಿಪಿಯಲ್ಲಿ ಬಿಡಿಸಿ ಬರೆದ ಮಾತ್ರಕ್ಕೆ ಕನ್ನಡಿಗರು ಕೂಡಿದ ಪದವನ್ನು ಒಡೆಯಬೇಕಾದುದಿಲ್ಲ.

‘ಸ್ಟಾಟಿಯೊ’ ಎಂಬುದು ಲ್ಯಾಟಿನ್ ಜಾತಿವಾಚಕ, ನೆಲೆ ಎಂದರ್ಥ. ಲ್ಯಾಟಿನ್ನಿನ ರೂಢಿಯಲ್ಲಿ ಇಂತಹ ಶಬ್ದವು ಒಮ್ಮೆ ಮುಂದೆಯೂ, ಶುಕ್ರಗ್ರಹದ ‘ಲಕ್ಷ್ಮೀ ಪ್ಲಾನಮ್’ ಎಂಬಲ್ಲಿರುವಂತೆ ಒಮ್ಮೆ ಹಿಂದೆಯೂ ನಿಲ್ಲುತ್ತದೆ. (ಸ್ತ್ರೀನಾಮಗಳಿಗೆ ಮೀಸಲಾದ ಆ ಗ್ರಹದಲ್ಲಿ ಲಕ್ಷ್ಮಿಯ ನೆರೆಯ ಮ್ಯಾಕ್ಸ್‌ವೆಲ್ ಪರ್ವತವೊಂದಕ್ಕೇ ಪುರುಷನ ಹೆಸರಿದೆ!) ಕನ್ನಡದ ಸ್ಥಳನಾಮಗಳಲ್ಲಾದರೋ ಜಾತಿವಾಚಕವು ಕಡೆಯಲ್ಲಿಯೇ ಬರುವುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟಗಳನ್ನು ನೋಡಿದರೆ ಸಾಕು. ನೆರೆಯ ಚಿಂತಾಮಣಿಯೊಂದು ಅದಿಲ್ಲದೆ ನಿಂತಿದೆ. ಆದಕಾರಣ ‘ಶಿವಶಕ್ತಿನೆಲೆ’, ‘ಲಕ್ಷ್ಮೀಪ್ರಸ್ಥ’ ಎಂಬ ರೂಪಗಳೇ ಗ್ರಾಹ್ಯ.

‘ಶಿವಶಕ್ತಿನೆಲೆ’ ಎಂಬುದು ಅರಿಸಮಾಸವಾಯಿತೆಂದು ಕೆಲವರು ಆಕ್ಷೇಪಿಸಬಹುದು. ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ಕೇಶಿರಾಜನೇ ಎಡೆಗೊಟ್ಟಿದ್ದಾನೆ. ಊರಹೆಸರುಗಳಂತೂ ಅವನ ಅಪ್ಪಣೆಗೆ ಕಾಯಲಿಲ್ಲ. ಚಿಕ್ಕಬಳ್ಳಾಪುರದ ಬಳಿಯ ನಂದಿಬೆಟ್ಟವನ್ನು ತಿದ್ದಿ ‘ನಂದಿಗಿರಿ’ ಎಂದೇ ಹೇಳಬೇಕೆಂದು ಹಟ ಹಿಡಿಯುವವರಾರು?

ಬುಧಗ್ರಹದ ಕುಳಿಗಳಿಗೆ ಕವಿಗಳ, ಕಲಾವಿದರ ಹೆಸರುಗಳನ್ನಿಡುವುದು ಸಂಪ್ರದಾಯ. ಅಲ್ಲಿರುವ ‘ಕಾಲಿದಾಸ’ನನ್ನು ಕನ್ನಡವು ತನ್ನ ರೂಢಿಯಂತೆ ‘ಕಾಳಿದಾಸ’ನೆಂದೇ ಕರೆಯಬೇಕು. ರವೀಂದ್ರನಾಥರ ಹೆಸರಿನ ಕುಳಿಯನ್ನು ರೋಮನ್ ಅಕ್ಷರಗಳನ್ನು ನೋಡಿ ‘ತಾಕುರ್’ ಎಂದು ಬರೆದರೆ ವಿದ್ಯಾರ್ಥಿಗೆ ಕವಿಯ ಗುರುತೇ ಸಿಕ್ಕದು.

ಮಂಗಳಗ್ರಹದ ಸಣ್ಣ ಕುಳಿಗಳಿಗೆ ಸುಮಾರು ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳ ಹೆಸರುಗಳನ್ನಿಡುತ್ತಾರೆ. ಊರಿನ ಸ್ಮರಣೆ ಅದರ ಉದ್ದೇಶವಲ್ಲ. ಹೆಸರುಗಳ ಭಂಡಾರವೊಂದು ದೊರೆಯಿತೆಂದಷ್ಟೇ. ಉತ್ತರಪ್ರದೇಶದ ಮುರ್ಸಾನ್, ಬಿಹಾರದ ಹಿಲ್ಸಾ 2024 ರಲ್ಲಿ ಹೀಗೆ ಅಲ್ಲಿಗೆ ಸೇರಿದವು. 2011 ರ ಜನಗಣತಿಯಂತೆ ಮೇಲೆ ಹೇಳಿದ ನಾಲ್ಕು ಊರುಗಳೂ ಈ ಮಿತಿಯೊಳಗಿವೆ. ಗೌರಿಬಿದನೂರಿನ ಬಳಿ 1976 ರಿಂದಲೂ ರೇಡಿಯೊ ದೂರದರ್ಶಕವಿರುವುದರಿಂದ ಆ ಊರಿನ ಹೆಸರು ಖಗೋಳಜ್ಞರಿಗೆ ಅಪರಿಚಿತವೂ ಅಲ್ಲ. ಉಚ್ಚಾರಣಾಚಿಹ್ನೆಗಳು ಹೆಸರಿನ ಅಂಗವೆಂದು ಸಂಘದ ನಿಯಮವೇ ಹೇಳುತ್ತದೆ. ಹೀಗಿರಲು ಶಿಡ್ಲಘಟ್ಟದ ಶಕಾರ, ಚಿಂತಾಮಣಿಯ ಣಕಾರ, ಬಿದನೂರಿನ ದೀರ್ಘ, ಇವುಗಳನ್ನು ತೋರಿಸುವ ರೋಮನ್ ರೂಪಗಳನ್ನು ಸೂಚನೆ ಹೋಗುವ ಮೊದಲೇ ಕನ್ನಡ ವಿದ್ವಾಂಸರು ನಿರ್ಣಯಿಸಿಡತಕ್ಕದ್ದು. ಒಮ್ಮೆ ಅಂಗೀಕೃತವಾದ ಅಕ್ಷರವನ್ನು ಆಮೇಲೆ ತಿದ್ದಿಸುವುದು ಸುಲಭವಲ್ಲ.